ತುರಿದ ಸೇಬು

ನೇಪಲ್ಸ್
4 ನವೆಂಬರ್ 2001

ಅಮ್ಮಾ,

ವ್ಯಾನಿನ ಸ್ಲಾವ್ಕೊ ಇವತ್ತು ನಮ್ಮೂರ ಕಡೆ ಹೊರಡುತ್ತಾನೆ, ಅವನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ನನಗೆ ಕೆಲಸ ಸಿಕ್ಕಿದೆ. ಮುದುಕರ ಮೈ ತೊಳೆಯುವ ಕೆಲಸವೆಂದು ಬಂದವಳಿಗೆ ಕೂಸು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಜೊತೆಗೆ ಬಂದ ನಮ್ಮ ಹೆಂಗಸರೆಲ್ಲ ನಿನ್ನ ಹಣೆಬರಹ ಚೆನ್ನಾಗಿದೆ ಅನ್ನುತ್ತಾರೆ. ಕೂಸಿನ ಹೆಸರು ಎಲಿಯೊ. ನಮ್ಮ ನಜಾರ್ ಹುಟ್ಟಿದ ವಾರವೇ ಇವನೂ ಹುಟ್ಟಿದ್ದು. ಎತ್ತಿಕೊಂಡರೆ ಅದೇ ಭಾರ, ತಲೆಯ ವಾಸನೆ ಮಾತ್ರ ಬೇರೆ. ನನ್ನ ಎದೆ ಇನ್ನೂ ಒಸರುತ್ತದೆ, ಬಟ್ಟೆ ಬಿಗಿದು ಕಟ್ಟಿಕೊಂಡಿದ್ದೇನೆ. ಐದು ತಿಂಗಳ ಮಗುವನ್ನು ನಿನ್ನ ಮಡಿಲಿಗೆ ಹಾಕಿ ವ್ಯಾನು ಹತ್ತಿದ್ದನ್ನು ನೆನೆಯಬಾರದು ಎಂದುಕೊಂಡು ಇಡೀ ದಿನ ಅದನ್ನೇ ನೆನೆಯುತ್ತೇನೆ.

ಇಲ್ಲಿಯ ಡಾಕ್ಟರು ಎಲಿಯೊಗೆ ಹಣ್ಣು ಶುರುಮಾಡಿ ಎಂದಿದ್ದಾರೆ. ನಾನು ಎಲ್ಲ ಕೇಳಿಕೊಂಡಿದ್ದೇನೆ, ನೀನೂ ಹಾಗೇ ಮಾಡು. ಆರು ತಿಂಗಳು ತುಂಬುತ್ತಾ ಬಂದಾಗ, ಆಸರೆಯಿಲ್ಲದೆ ತಲೆ ನಿಲ್ಲಿಸಿ ಕೂರುವಂತಾದ ಮೇಲೆ ಶುರುಮಾಡಬೇಕಂತೆ. ಮಲಗಿಸಿ ಕೊಡಬಾರದು, ಮಡಿಲಲ್ಲಿ ನೆಟ್ಟಗೆ ಕೂರಿಸಿ ಕೊಡಬೇಕು. ಸೇಬನ್ನೋ ಪೇರುಹಣ್ಣನ್ನೋ ಸಿಪ್ಪೆ ತೆಗೆದು ಬೇಯಿಸಿ ನುಣ್ಣಗೆ ಮಸೆದು ಚಮಚದ ತುದಿಯಷ್ಟು. ಒಂದು ಹಣ್ಣು ಕೊಟ್ಟರೆ ಮೂರು ದಿನ ಅದೇ ಹಣ್ಣು, ಮೈಮೇಲೆ ಗಂಧೆ ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಂದು. ಹಸಿ ಸೇಬಿನ ತುಂಡು ಕೈಗೆ ಕೊಡಲೇಬಾರದು. ದ್ರಾಕ್ಷಿ ಕೊಡುವ ಕಾಲ ಬಂದಾಗ ಇಡಿಯಾಗಿ ಬೇಡ, ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬೇಕು. ವರ್ಷ ತುಂಬುವವರೆಗೆ ಜೇನು ತಾಕಿಸುವ ಹಾಗಿಲ್ಲ, ನಿಪ್ಪಲ್ಲಿಗೆ ಜೇನು ಸವರುವ ನಿನ್ನ ಅಭ್ಯಾಸ ನನಗೆ ಗೊತ್ತು.

ಎಲಿಯೊ ಇವತ್ತು ಪೇರುಹಣ್ಣು ತಿಂದ. ಮುಖ ಕಿವುಚಿ ಆಮೇಲೆ ನಕ್ಕ. ನಜಾರ್ ಮೊದಲ ಹಣ್ಣು ತಿಂದ ದಿನ ಅವನ ಮುಖ ಹೇಗಿತ್ತು ಎಂದು ಬರೆ. ಒಂದೂ ಬಿಡದೆ ಬರೆ.

ಒರಿಸ್ಯಾ

ವೆರ್ಬಿವ್ಕಾ
18 ನವೆಂಬರ್ 2001

ಮಗಳೇ,

ನಿನ್ನ ಪತ್ರವನ್ನು ಒಲೆಯ ಮುಂದೆ ಕೂತು ಎರಡು ಸಲ ಓದಿದೆ. ಹಣ್ಣು ತಿನ್ನಿಸಲು ಅಷ್ಟೊಂದು ಶಾಸ್ತ್ರವೇ? ಅಲ್ಲಿ ಕೂಸುಗಳು ಗಾಜಿನಿಂದ ಹುಟ್ಟುತ್ತವೆಯೋ ಏನೋ. ನರ್ಸಮ್ಮ ಮೆಲಾನ್ಯಾಗೆ ಓದಿ ಹೇಳಿದೆ. ‘ನಮ್ ಕಾಲದಲ್ಲಿ ತಿಂಗ್ಳು ತುಂಬೋದ್ರೊಳಗೇ ಸೇಬಿನ್ ರಸ ಹನಿ ಹನಿ ಬಿಡ್ತಿದ್ವಲ್ಲೇ ಹಾಫಿಯಾ, ಯಾರ್ ಸತ್ರು?’ ಅಂದಳು. ಅಂದವಳು ನನ್ನ ಮುಖ ನೋಡಿ ದನಕರುವಿನ ಮಾತು ತೆಗೆದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಸಾಕಿದವರಿಗೆ ಇನ್ನೂ ಹೆಚ್ಚು. ನಿನ್ನ ಮಗ ಚೆನ್ನಾಗಿದ್ದಾನೆ. ಹಸುವಿನ ಹಾಲು ಕುದಿಸಿ ಕೊಡುತ್ತೇನೆ, ತೆಳ್ಳಗೆ ರವೆ ಗಂಜಿ ಕೊಡುತ್ತೇನೆ. ಕೆನ್ನೆ ಉಬ್ಬಿವೆ. ಆದರೆ ಸೇಬು ನಾನು ಕೊಡುವುದಿಲ್ಲ ಒರಿಸ್ಯಾ. ಬೇಯಿಸಿದ್ದೂ ಇಲ್ಲ, ಮಸೆದದ್ದೂ ಇಲ್ಲ.

ನಿನ್ನ ಅಣ್ಣ ಯುರ್ಕೊ ಗಂಟಲು ಬೇನೆಯಲ್ಲಿ ಹೋದ ಎಂದು ನಿನಗೆ ಹೇಳಿದ್ದೆ. ಸುಳ್ಳಲ್ಲ, ಗಂಟಲಲ್ಲೇ ಹೋದ. ನೀನು ಹುಟ್ಟುವುದಕ್ಕೆ ಮುಂಚಿನ ಮಾತು. ಸೇಬು ಬಿಡಿಸುವ ಕಾಲ, ನಾನು ಏಣಿಯ ಮೇಲೆ, ನಿನ್ನ ಅಪ್ಪ ಕೆಳಗೆ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ. ಎಂಟು ತಿಂಗಳ ಕೂಸು, ಅಳುತ್ತಿತ್ತು. ‘ಚೀಪ್ಕೊಂಡಿರ್ಲಿ ಬಿಡು’ ಅಂತ ಒಂದು ಹೋಳು ಬಾಯಿಗೆ ಕೊಟ್ಟ. ಅಳು ನಿಂತಿತು. ನಾನು ಮೇಲಿಂದಲೇ ‘ಪರ್ವಾಗಿಲ್ವೇ, ಅಪ್ಪ ಆಗೋದು ಕಲ್ತ್ಯಲ್ಲ’ ಎಂದು ಹಾಸ್ಯ ಮಾಡಿದೆ. ಇಳಿದು ಬರುವ ಹೊತ್ತಿಗೆ ಮಗು ನೀಲಿಯಾಗಿತ್ತು. ಬಾಯಿಗೆ ಬೆರಳು ಹಾಕಿದೆವು, ನೀರು ಹುಯ್ದೆವು, ಅಪ್ಪ ಎತ್ತಿಕೊಂಡು ರಸ್ತೆಗೆ ಓಡಿದ. ನಿನ್ನ ಅಪ್ಪ ತಾನು ಸಾಯುವವರೆಗೂ ಅದರ ಬಗ್ಗೆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. ನನ್ನನ್ನು ಊದಲು ಬಿಡು. ನೀನು ಬಂದ ಮೇಲೆ ನಿನ್ನ ಕೈಯಾರೆ ತಿನ್ನಿಸು.

ಅಮ್ಮ

ನೇಪಲ್ಸ್
2 ಡಿಸೆಂಬರ್ 2001

ಅಮ್ಮಾ,

ಯುರ್ಕೊನ ವಿಷಯ ಓದಿ ಅಡುಗೆಮನೆಯಲ್ಲಿ ಅತ್ತೆ. ಸಿನ್ಯೋರಾ ಫುಲ್ವಿಯಾ, ನಮ್ಮ ಯಜಮಾನಿ, ಈರುಳ್ಳಿ ಕಾರಣ ಅಂದುಕೊಂಡಳು. ಆದರೂ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅಪ್ಪ ಕೊಟ್ಟದ್ದು ಹಸಿ ಹೋಳು. ನಾನು ಹೇಳುತ್ತಿರುವುದು ನೀರಾದ ಹಣ್ಣು. ಎರಡೂ ಒಂದೇ ಅಲ್ಲ. ಹೋದ ಮಗುವಿನ ಹೆಸರಲ್ಲಿ ಇರುವ ಮಗುವನ್ನು ಉಪವಾಸ ಹಾಕಬೇಡ.

ರವೆ ಗಂಜಿಯಲ್ಲಿ ಏನಿದೆ? ಬಿಳೀ ನೀರು. ಕೆನ್ನೆ ಉಬ್ಬಿದರೆ ಮಗು ಗಟ್ಟಿಯಾಯಿತು ಅಂತಲ್ಲ, ಹಾಗಂತ ಡಾಕ್ಟರೇ ಹೇಳಿದರು. ಎಲಿಯೊ ಈಗ ಸೇಬು, ಪೇರುಹಣ್ಣು, ಬಾಳೆಹಣ್ಣು ಮೂರೂ ತಿನ್ನುತ್ತಾನೆ. ದಿನಾ ನನ್ನ ಕೈಯಿಂದ. ಬೇರೆಯವರ ಮಗ ನನ್ನ ಕೈಯಲ್ಲಿ ಹಣ್ಣು ತಿನ್ನಬೇಕು, ನನ್ನ ಮಗ ಹಣ್ಣಿನ ಊರಲ್ಲೇ ಕೂತು ಗಂಜಿ ಕುಡಿಯಬೇಕು, ಇದನ್ನು ನಾನು ಹೇಗೆ ತಡೆದುಕೊಳ್ಳಲಿ?

ನಿನ್ನಿಂದ ಆಗುವುದಿಲ್ಲ ಅಂದರೆ ನೇರ ಹೇಳು. ನನ್ನ ಅತ್ತೆ ಪಾಲಾಹ್ನಾ ಪಟ್ಟಣದಲ್ಲಿ ಒಬ್ಬಳೇ ಇದ್ದಾಳೆ. ಅವಳ ಮಗ ನನ್ನನ್ನು ಬಿಟ್ಟು ರಷ್ಯಾದಲ್ಲಿ ಇನ್ನೊಬ್ಬಳ ಜೊತೆ ಇರಬಹುದು, ಮೊಮ್ಮಗ ಅಂದರೆ ಅವಳಿಗೆ ಪ್ರಾಣ. ನಜಾರ್‌ನನ್ನು ಅವಳ ಮನೆಗೆ ಕಳಿಸಿಬಿಡುತ್ತೇನೆ.

ಒರಿಸ್ಯಾ

ವೆರ್ಬಿವ್ಕಾ
16 ಡಿಸೆಂಬರ್ 2001

ಮಗಳೇ,

ಪಾಲಾಹ್ನಾಳ ಹೆಸರು ಯಾಕೆ ತೆಗೆದೆ? ಹೆಂಡತಿಯನ್ನು ಬಿಟ್ಟು ಓಡಿಹೋಗುವ ಮಗನನ್ನು ಸಾಕಿದವಳು ನನಗೆ ಕೂಸು ಸಾಕುವುದನ್ನು ಕಲಿಸುತ್ತಾಳೆಯೇ? ಈ ಮನೆಯಲ್ಲಿ ಉಸಿರಾಡುವುದು ನಾನು ಮತ್ತು ಅವನು ಇಬ್ಬರೇ. ಅವನನ್ನು ಕಿತ್ತುಕೊಂಡರೆ ನಾನು ಯಾರಿಗೆ ಒಲೆ ಹಚ್ಚಲಿ?

ಕೊಟ್ಟೆ. ನಿನ್ನೆ ಕೊಟ್ಟೆ. ಅಟ್ಟದ ಹುಲ್ಲಿನಲ್ಲಿದ್ದ ಸೇಬು ತಂದೆ. ಬೇಯಿಸಲಿಲ್ಲ. ನಿನಗೆ ಹಲ್ಲೆಲ್ಲ ಬಂದ ಮೇಲೆ ಕೊಟ್ಟ ಹಾಗೆ ಎರಡು ಹೋಳು ಮಾಡಿ ಚಮಚದ ಅಂಚಿನಿಂದ ತುರಿದೆ, ಹಾಗೆ ತುರಿದರೆ ನೊರೆಯಷ್ಟು ಮೆತ್ತಗೆ ಬರುತ್ತದೆ, ನಿನ್ನ ಡಾಕ್ಟರಿಗೆ ಹೇಳು. ನೆಟ್ಟಗೆ ಕೂರಿಸಿದೆ. ಮೊದಲ ಚಮಚ ಗುರಿ ತಪ್ಪಿ ಅವನ ಮೂಗಿಗೆ ಹೋಯಿತು. ಎರಡನೆಯದು ಬಾಯಿಗೆ. ಕಣ್ಣು ಮುಚ್ಚಿದ, ಹೆಗಲು ಅಲ್ಲಾಡಿಸಿದ, ಹುಳಿ ದ್ರಾಕ್ಷಾರಸ ಕುಡಿದ ಪಾದ್ರಿಯ ಹಾಗೆ ಮುಖ ಮಾಡಿದ. ಆಮೇಲೆ ಚಮಚಕ್ಕೆ ಕೈ ಚಾಚಿದ. ನಾನು ಅವನ ಗಂಟಲನ್ನೇ ನೋಡುತ್ತಿದ್ದೆ, ನುಂಗಿದ್ದು ಕಾಣುವವರೆಗೂ ಉಸಿರು ಬಿಡಲಿಲ್ಲ.

ಒಂದೂ ಬಿಡದೆ ಬರೆ ಅಂದಿದ್ದೆ, ಬರೆದಿದ್ದೇನೆ. ದಿನಕ್ಕೆ ಎರಡು ಚಮಚ ಕೊಡುತ್ತೇನೆ. ಇನ್ನು ಪಾಲಾಹ್ನಾಳ ಮಾತು ಬೇಡ.

ಅಮ್ಮ

ನೇಪಲ್ಸ್
13 ಜನವರಿ 2002

ಅಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಸೇಬು ಕೊಡುವುದನ್ನು ಸದ್ಯ ನಿಲ್ಲಿಸು. ಹಸಿಯದು ಬೇಡವೇ ಬೇಡ, ತುರಿದದ್ದೂ ಬೇಡ. ನಾನು ಮತ್ತೆ ಬರೆಯುವವರೆಗೆ ಬೇಡ. ಕಾರಣ ಕೇಳಬೇಡ. ನಾನು ಚೆನ್ನಾಗಿದ್ದೇನೆ.

ಒರಿಸ್ಯಾ

ವೆರ್ಬಿವ್ಕಾ
27 ಜನವರಿ 2002

ಮಗಳೇ,

ನಿಲ್ಲಿಸಿದೆ. ನಿನ್ನ ಪತ್ರ ಓದಿದ ತಕ್ಷಣ ತುರಿದಿಟ್ಟದ್ದನ್ನು ಕೋಳಿಗೆ ಹಾಕಿದೆ. ಕಾರಣ ಕೇಳಬೇಡ ಅಂದೆ, ಕೇಳುವುದಿಲ್ಲ. ತಾಯಿಯ ಕರುಳಿಗೆ ಕೊನೆಗೂ ತಿಳಿಯಿತಲ್ಲ, ಅಷ್ಟು ಸಾಕು. ಆ ಡಾಕ್ಟರೂ ಈಗ ಬೇಡ ಅಂದಿರಬೇಕು. ನಾನು ಮೊದಲೇ ಹೇಳಿದ್ದೆ.

ಅವನು ಸಂಜೆಯಾದರೆ ಚಮಚ ನೋಡಿ ಬಾಯಿ ತೆರೆಯುತ್ತಾನೆ. ರವೆ ಗಂಜಿಗೆ ಸಕ್ಕರೆ ಜಾಸ್ತಿ ಹಾಕಿ ಮರೆಸುತ್ತಿದ್ದೇನೆ. ನಿನ್ನ ಮಾತಿಗೆ ಕಾಯುತ್ತೇನೆ. ಸ್ಲಾವ್ಕೊನ ವ್ಯಾನು ಬಂದಾಗಲೆಲ್ಲ ಮಗುವನ್ನು ಎತ್ತಿಕೊಂಡು ಗೇಟಿಗೆ ಹೋಗುತ್ತೇನೆ.

ಅಮ್ಮ

ನೇಪಲ್ಸ್
31 ಮಾರ್ಚ್ 2002

ಅಮ್ಮಾ,

ಇಷ್ಟು ದಿನ ಬರೆಯದ್ದಕ್ಕೆ ಬೈಯಬೇಡ. ಈ ಮನೆಯಲ್ಲಿ ಸ್ವಲ್ಪ ಏರುಪೇರಾಗಿತ್ತು, ನಾನು ಕೆಲವು ವಾರ ನಮ್ಮ ಹೆಂಗಸರ ಜೊತೆ ಇದ್ದೆ. ಈಗ ಎಲ್ಲ ಸರಿಹೋಗಿದೆ, ಸಿನ್ಯೋರಾಳೇ ಬಂದು ಕರೆದುಕೊಂಡು ಹೋದಳು. ನಾನಿಲ್ಲದೆ ಎಲಿಯೊ ಊಟ ಬಿಟ್ಟಿದ್ದನಂತೆ. ದೂರದ ಬೆಟ್ಟ ನುಣ್ಣಗೆ ಅಂತ ನೀನು ಹೇಳುತ್ತಿದ್ದೆಯಲ್ಲ, ಹತ್ತಿರ ಬಂದು ನೋಡಿದ್ದಾಯಿತು.

ಎಲಿಯೊ ಈಗ ಕಿತ್ತಳೆಯ ತೊಳೆಯನ್ನು ಪೊರೆ ಬಿಡಿಸಿ ಕೊಟ್ಟರೆ ಚೀಪುತ್ತಾನೆ. ನಜಾರ್ ಏನೇನು ತಿನ್ನುತ್ತಾನೆ? ಹತ್ತೂವರೆ ತಿಂಗಳಾಯಿತು, ನೀನು ಹಣ್ಣು ಮತ್ತೆ ಶುರುಮಾಡಿಯೇ ಇರುತ್ತೀಯ ಅಂದುಕೊಂಡಿದ್ದೇನೆ. ಜನವರಿಯಲ್ಲಿ ಬೇಡ ಅಂದದ್ದು ಸ್ವಲ್ಪ ದಿನದ ಮಟ್ಟಿಗೆ ಅಷ್ಟೆ. ಮೊನ್ನೆ ಪಾಲಾಹ್ನಾ ಫೋನು ಮಾಡಿದ್ದಳು. ‘ಮಗು ಯಾಕೋ ಬೆಳ್ಳಗೆ ಬಿಳಿಚ್ಕೊಂಡಿದೆ ಕಣೇ, ಗಂಜಿ ಬಿಟ್ರೆ ಬೇರೇನೂ ಕೊಡೋ ಹಾಗೆ ಕಾಣ್ಸಲ್ಲ, ನಾನ್ ಕರ್ಕೊಂಡ್ ಬರ್ಲಾ?’ ಅಂದಳು. ನಮ್ಮಮ್ಮ ಹಾಗೆ ಮಾಡುವವಳಲ್ಲ ಅಂದೆ. ನಾನು ಹೇಳಿದ್ದು ಸರಿ ತಾನೇ?

ಒರಿಸ್ಯಾ

ವೆರ್ಬಿವ್ಕಾ
14 ಏಪ್ರಿಲ್ 2002

ಮಗಳೇ,

ಸರಿಯಾಗಿಯೇ ಹೇಳಿದೆ. ಪಾಲಾಹ್ನಾ ಬಂದದ್ದು ಒಂದು ಗಂಟೆ, ಅಷ್ಟರಲ್ಲಿ ಮಡಕೆಯೊಳಗೆಲ್ಲ ಇಣುಕಿ ಹೋದಳು.

ನಿನ್ನ ಮಗ ಎಲ್ಲ ತಿನ್ನುತ್ತಾನೆ. ನೀನು ಬರೆದ ಹಾಗೇ. ಸೇಬು ಬೇಯಿಸಿ ಮಸೆದು, ಪೇರುಹಣ್ಣು ಸಿಪ್ಪೆ ತೆಗೆದು, ಬಾಳೆಹಣ್ಣು. ಒಂದು ಹಣ್ಣು ಮೂರು ದಿನ. ದ್ರಾಕ್ಷಿಯನ್ನೂ ಕೊಡುತ್ತೇನೆ, ಇಡಿಯಾಗಿ ಅಲ್ಲ, ಉದ್ದಕ್ಕೆ ನಾಲ್ಕು ಸೀಳು ಮಾಡಿ. ಮಡಿಲಲ್ಲಿ ನೆಟ್ಟಗೆ ಕೂರಿಸಿ. ಜೇನು ಕೊಡುವುದಿಲ್ಲ.

ನಿನ್ನ ಕೆಲಸ ನೋಡಿಕೋ. ಇಲ್ಲಿಯ ಯೋಚನೆ ಬೇಡ.

ಅಮ್ಮ

ನೇಪಲ್ಸ್
28 ಏಪ್ರಿಲ್ 2002

ಅಮ್ಮಾ,

ನಿನ್ನ ಪತ್ರವನ್ನು ಇಲ್ಲಿ ನಮ್ಮ ಹೆಂಗಸರಿಗೆಲ್ಲ ಓದಿ ಹೇಳಿದೆ. ಒಬ್ಬಳು ‘ಏಪ್ರಿಲ್‌ನಲ್ಲಿ ದ್ರಾಕ್ಷಿ ಎಲ್ಲಿಂದ ಬಂತೇ ನಿಮ್ಮಮ್ಮಂಗೆ? ಹಿಮದಡೀಲಿ ಬೆಳೀತಾಳಾ?’ ಎಂದು ನಗಾಡಿದಳು. ನಾನು ಹೇಳಿದೆ, ನಮ್ಮಮ್ಮ ಮನಸ್ಸು ಮಾಡಿದರೆ ಕಲ್ಲಿನಿಂದಲೂ ತೆಗೆಯುತ್ತಾಳೆ ಅಂತ. ಸ್ಲಾವ್ಕೊನ ಕೈಯಲ್ಲಿ ತರಿಸಿದೆ ಅಲ್ಲವೇ? ಅವನಿಗೆ ಎಷ್ಟು ಕೊಟ್ಟೆಯೋ, ನನಗೆ ಹೇಳುವುದಿಲ್ಲ, ಗೊತ್ತು.

ಡಿಸೆಂಬರಿನಲ್ಲಿ ನಿನಗೆ ಒರಟಾಗಿ ಬರೆದೆ. ಆ ಮಾತು ನನ್ನನ್ನು ಕೊರೆಯುತ್ತಿತ್ತು. ಅಷ್ಟು ದೊಡ್ಡ ಭಯವನ್ನು ನುಂಗಿಕೊಂಡು ನನ್ನ ಮಗನಿಗೆ ಹಣ್ಣು ತಿನ್ನಿಸುತ್ತಿದ್ದೀಯ. ನನ್ನಿಂದ ಆಗುತ್ತಿರಲಿಲ್ಲ. ಈ ವ್ಯಾನಿನಲ್ಲಿ ಒಂದು ಗೊನೆ ಬಾಳೆಹಣ್ಣು, ಕಿತ್ತಳೆ ಕಳಿಸುತ್ತಿದ್ದೇನೆ. ಅವನಿಗೆ ನಾನೇ ಕಳಿಸಿದ್ದು ಎಂದು ಹೇಳಿ ತಿನ್ನಿಸು.

ಒರಿಸ್ಯಾ

ವೆರ್ಬಿವ್ಕಾ
26 ಮೇ 2002

ಮಗಳೇ,

ಹಣ್ಣು ಬಂತು. ವರ್ಷದ ಹುಟ್ಟುಹಬ್ಬಕ್ಕೆ ನೀನು ಕಳಿಸಿದ ಟೊಪ್ಪಿಗೆ ಹಾಕಿದೆ, ಸ್ವಲ್ಪ ದೊಡ್ಡದಾಯಿತು.

ಒಂದು ವಿಷಯ, ಹೆದರಬೇಡ. ಹಲ್ಲು ಬರುವ ತೊಂದರೆ ಇರಬೇಕು. ನಾಲ್ಕು ಹಲ್ಲಿವೆ, ಅವುಗಳ ಸುತ್ತ ವಸಡು ಊದಿಕೊಂಡು ಕೆನ್ನೀಲಿಯಾಗಿದೆ, ಬಟ್ಟೆಯಲ್ಲಿ ಒರೆಸಿದರೆ ರಕ್ತ. ಹೋದ ತಿಂಗಳು ಬೆಂಚು ಹಿಡಿದು ನಿಲ್ಲುತ್ತಿದ್ದ, ಈಗ ನಿಲ್ಲುವುದಿಲ್ಲ. ಕಾಲು ಮಡಚಿ ಅಗಲಿಸಿ ಮಲಗಿಯೇ ಇರುತ್ತಾನೆ. ಬಟ್ಟೆ ಬದಲಿಸಲು ಕಾಲು ಮುಟ್ಟಿದರೆ ಚೀರುತ್ತಾನೆ. ನಾನು ಹತ್ತಿರ ಹೋದರೇ ಅಳುತ್ತಾನೆ, ಎತ್ತಿಕೊಳ್ಳುತ್ತೇನೆ ಅನ್ನುವ ಹೆದರಿಕೆ. ಮೆಲಾನ್ಯಾ ನೋಡಿ ‘ಕೀಲ್ ವಾಯು ಇರ್ಬೇಕು, ಬಾತಿನ್ ಕೊಬ್ಬು ಹಚ್ಚು’ ಅಂದಳು. ಹಚ್ಚುತ್ತಿದ್ದೇನೆ.

ಮೊದಲೆಲ್ಲ ನನ್ನ ಕುತ್ತಿಗೆಗೆ ಮುಖ ಒತ್ತಿ ಮಲಗುತ್ತಿದ್ದ. ಈಗ ಮುಟ್ಟಲು ಬಿಡುವುದಿಲ್ಲ. ಏನು ಮಾಡಲಿ ಒರಿಸ್ಯಾ?

ಅಮ್ಮ

ನೇಪಲ್ಸ್
9 ಜೂನ್ 2002

ಅಮ್ಮಾ,

ನಿನ್ನ ಪತ್ರ ಹಿಡಿದುಕೊಂಡು ಎಲಿಯೊನ ಡಾಕ್ಟರ ಬಳಿ ಓಡಿದೆ. ಒಂದೊಂದೇ ಸಾಲು ಅವರ ಭಾಷೆಗೆ ತಿರುಗಿಸಿ ಹೇಳಿದೆ. ಅವರು ಮೊದಲು ಕೇಳಿದ್ದೇ ‘ಮಗು ಏನ್ ತಿನ್ನುತ್ತೆ? ಹಣ್ಣು, ತರಕಾರಿ ಕೊಡ್ತಾರಾ?’ ಎಂದು. ಕೊಡುತ್ತಾರೆ ಅಂದೆ. ‘ಸರಿಯಾಗ್ ಗೊತ್ತಾ?’ ಎಂದು ಇನ್ನೊಮ್ಮೆ ಕೇಳಿದರು. ನಾನು ಏಪ್ರಿಲ್ ತಿಂಗಳ ನಿನ್ನ ಪತ್ರವನ್ನೇ ತೆಗೆದು ಓದಿದೆ. ದ್ರಾಕ್ಷಿಯನ್ನು ನಾಲ್ಕು ಸೀಳುವ ಅಜ್ಜಿ ನಮ್ಮಮ್ಮ ಎಂದು ಹೆಮ್ಮೆಯಿಂದ ಹೇಳಿದೆ. ಹಾಗಾದರೆ ಅದಲ್ಲ, ರಕ್ತದ ಕಾಯಿಲೆ ಇರಬಹುದು, ತಡಮಾಡದೆ ದೊಡ್ಡ ಆಸ್ಪತ್ರೆಗೆ ತೋರಿಸಿ ಅಂದರು.

ಈ ಪತ್ರ ತಲುಪಿದ ದಿನವೇ ಜಿಲ್ಲಾಸ್ಪತ್ರೆಗೆ ಹೋಗು. ಪಾಲಾಹ್ನಾಗೆ ಫೋನು ಮಾಡಿದ್ದೇನೆ, ಜೊತೆಗೆ ಬರುತ್ತಾಳೆ. ಅವಳ ಜೊತೆ ಜಗಳ ಆಡಬೇಡ. ಡಾಕ್ಟರು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡು.

ನಾನು ಬರಲಾರೆ. ಕಾಗದಪತ್ರ ಇಲ್ಲದವಳು ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲ. ಅವನ ಔಷಧಿಗೆ ನಾನು ಇಲ್ಲಿ ಇರಲೇಬೇಕು. ದಿನಾ ಸಂಜೆ ಅಂಚೆ ಕಚೇರಿಗೆ ಫೋನು ಮಾಡುತ್ತೇನೆ.

ಒರಿಸ್ಯಾ

ವೆರ್ಬಿವ್ಕಾ
7 ಜುಲೈ 2002

ಒರಿಸ್ಯಾ,

ಮಗು ಹೋಯಿತು ಎಂದು ಅಂಚೆ ಕಚೇರಿಯ ಫೋನಿನಲ್ಲಿ ನಾನು ಹೇಳಿದಾಗ ನೀನು ಅಳಲಿಲ್ಲ. ಫೋನು ಇಟ್ಟುಬಿಟ್ಟೆ. ಅಂದಿನಿಂದ ಫೋನಿಲ್ಲ. ಅವತ್ತು ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಪೂರ್ತಿ ಓದು, ಆಮೇಲೆ ಏನು ಮಾಡಬೇಕೋ ಮಾಡು.

ಜನವರಿಯಿಂದ ನಾನು ಅವನಿಗೆ ಒಂದು ಚೂರು ಹಣ್ಣನ್ನೂ ಕೊಟ್ಟಿಲ್ಲ. ನೀನು ನಿಲ್ಲಿಸು ಅಂದೆ, ನಿಲ್ಲಿಸಿದೆ. ನಿನ್ನ ಪತ್ರ ಬರಲಿಲ್ಲ. ಬರದೆ ಹೋದಷ್ಟೂ ನನ್ನ ಹಳೆಯ ಭಯ ಬಲಿಯಿತು. ಗಂಟಲಲ್ಲಿ ಗಂಟು ಕಟ್ಟೀತೆಂದು ಆಲೂಗಡ್ಡೆಯನ್ನೂ ಕೊಡಲಿಲ್ಲ. ಕುದಿಸಿದ ಹಾಲು, ರವೆ, ಸಕ್ಕರೆ ಅಷ್ಟೆ. ಮಾರ್ಚಿನಲ್ಲಿ ನೀನು ಕೇಳಿದಾಗ ಪಾಲಾಹ್ನಾ ಅವನನ್ನು ಕರೆದುಕೊಂಡು ಹೋಗುತ್ತಾಳೆ ಎಂದು ಹೆದರಿ ಸುಳ್ಳು ಬರೆದೆ. ನಿನ್ನ ಮೊದಲ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ ನೋಡಿ ಬರೆದೆ. ನೀನು ಕಳಿಸಿದ ಬಾಳೆಹಣ್ಣು, ಕಿತ್ತಳೆಯನ್ನು ಪಕ್ಕದ ಮನೆಯ ಮಕ್ಕಳು ತಿಂದವು. ಕಿತ್ತಳೆ ಸುಲಿಯುವಾಗ ಅವನು ಅವರ ಕೈಯನ್ನೇ ನೋಡುತ್ತಿದ್ದ. ನಾನು ಅವನನ್ನು ಒಳಗೆ ಎತ್ತಿಕೊಂಡು ಹೋದೆ.

ಜಿಲ್ಲಾಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಬಾಯಿ ತೆರೆಸಿ ನೋಡಿ, ‘ಅಜ್ಜಿ, ಹಣ್ಣು ಹಂಪಲು ತಿನ್ನಿಸ್ತಿದ್ರಾ?’ ಅಂದ. ಪಾಲಾಹ್ನಾ ನನ್ನ ಪಕ್ಕದಲ್ಲೇ ನಿಂತಿದ್ದಳು, ನನ್ನ ಬಾಯನ್ನೇ ನೋಡುತ್ತಿದ್ದಳು. ‘ಎಲ್ಲಾ ತಿನ್ನಿಸ್ತಿದ್ದೆ’ ಅಂದೆ. ‘ಸೇಬು?’ ಅಂದ. ‘ಸೇಬು, ಪೇರುಹಣ್ಣು, ದ್ರಾಕ್ಷಿ, ದಿನಾ’ ಅಂದೆ. ಅವನು ಬರೆದುಕೊಂಡ. ಮೈಯೆಲ್ಲ ಚುಚ್ಚಿ ರಕ್ತ ತೆಗೆದರು, ರಕ್ತದ ಕಾಯಿಲೆ ಹುಡುಕಿದರು. ಸೂಜಿ ಚುಚ್ಚಿದ ಕಡೆಯೆಲ್ಲ ಕಪ್ಪಗಾಯಿತು. ಸಂಜೆ ಮೈ ಸೆಟೆದುಕೊಂಡಿತು, ತಲೆಯೊಳಗೆ ರಕ್ತ ಒಸರಿದೆ ಅಂದರು. ಬೆಳಗಾಗುವುದರೊಳಗೆ ಮುಗಿಯಿತು.

ಆಮೇಲೆ ವಯಸ್ಸಾದ ಡಾಕ್ಟರಮ್ಮ ಒಬ್ಬರು ಬಂದು ವಸಡು ನೋಡಿ, ಕಾಲು ನೋಡಿ, ಪಾಲಾಹ್ನಾಳನ್ನು ಹೊರಗೆ ಕಳಿಸಿ ನನ್ನನ್ನು ಕೂರಿಸಿದರು. ‘ಈಗಾದ್ರೂ ನಿಜ ಹೇಳಮ್ಮ’ ಅಂದರು. ಹೇಳಿದೆ. ಹಣ್ಣು ತರಕಾರಿಯೇ ಕಾಣದವರಿಗೆ ಬರುವ ರೋಗವಂತೆ, ಹಿಂದೆ ಹಡಗಿನವರಿಗೆ ಬರುತ್ತಿತ್ತಂತೆ. ‘ಬಂದ್ ತಕ್ಷಣ ಹೇಳಿದ್ರೆ ಅದೇ ಔಷಧಿ ಕೊಡ್ತಿದ್ವಿ, ವಾರದಲ್ಲಿ ಎದ್ ಕೂರ್ತಿತ್ತೇನೋ’ ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಆ ತುತ್ತನ್ನು ತಡೆದ ಕೈ ನನ್ನದು. ಒಬ್ಬನನ್ನು ಹಣ್ಣು ಕೊಂದಿತು, ಇನ್ನೊಬ್ಬನನ್ನು ಹಣ್ಣಿಲ್ಲದೆ ನಾನು ಕೊಂದೆ. ಯುರ್ಕೊನ ಪಕ್ಕದಲ್ಲೇ ಮಣ್ಣು ಮಾಡಿದೆವು. ನೀನು ಕಳಿಸಿದ ಟೊಪ್ಪಿಗೆ ಹಾಕಿದೆ.

ಅಮ್ಮ

ವೆರ್ಬಿವ್ಕಾ
4 ಆಗಸ್ಟ್ 2002

ಮಗಳೇ,

ನೀನು ಬರೆಯಲಿಲ್ಲ. ಸ್ಲಾವ್ಕೊ ಬಂದಾಗ ಗೇಟಿಗೆ ಹೋದೆ, ಅವನು ತಲೆ ಅಲ್ಲಾಡಿಸಿದ. ‘ಪತ್ರ ತಗೊಂಡ್ಳು ಕಣಮ್ಮ, ಅಲ್ಲೇ ನಿಂತ್ಕೊಂಡು ಓದಿದ್ಳು, ಮಗು ತಳ್ಳೋ ಗಾಡಿ ತಳ್ಕೊಂಡು ಹೊರಟ್ಹೋದ್ಳು’ ಅಂದ. ನೀನು ನನ್ನ ಜೊತೆ ಮಾತಾಡುವುದು ಬೇಡ. ನಾನು ಅದನ್ನು ಕೇಳುತ್ತಿಲ್ಲ.

ಕೇಳುವುದು ಒಂದೇ. ಹತ್ತೊಂಬತ್ತಕ್ಕೆ ಸ್ಪಾಸ್, ನಮ್ಮ ಹೊಸ ಸೇಬಿನ ಹಬ್ಬ. ಮಗುವನ್ನು ಕಳೆದುಕೊಂಡ ತಾಯಿ ಆ ವರ್ಷದ ಸೇಬನ್ನು ಸ್ಪಾಸ್‌ವರೆಗೆ ಬಾಯಿಗೆ ಹಾಕುವ ಹಾಗಿಲ್ಲ ಎಂದು ನಿನಗೆ ಗೊತ್ತಲ್ಲ. ಅವತ್ತು ಮೇಲಿನ ಲೋಕದಲ್ಲಿ ಮಕ್ಕಳಿಗೆಲ್ಲ ಸೇಬು ಹಂಚುತ್ತಾರೆ. ತಾಯಿ ಮೊದಲೇ ತಿಂದಿದ್ದರೆ ಆ ಮಗುವಿಗೆ, ‘ನಿನ್ ಪಾಲು ನಿಮ್ಮಮ್ಮ ತಿಂದ್ಬಿಟ್ಳು, ಹೋಗು’ ಅನ್ನುತ್ತಾರೆ. ಯುರ್ಕೊ ಹೋದಾಗಿನಿಂದ ನಾನು ಒಂದು ವರ್ಷವೂ ತಪ್ಪಿಸಿಲ್ಲ. ನೀನು ಚಿಕ್ಕವಳಿದ್ದಾಗ ಇದೆಲ್ಲ ಮುದುಕಿಯರ ಕಂತೆ ಎಂದು ನಕ್ಕಿದ್ದೆ. ಕಂತೆಯೇ ಇರಬಹುದು. ಇದ್ದರೂ ಸರಿ.

ಗೋರಿಯ ಮೇಲೆ ಸೇಬು ಇಡಬೇಕು. ನಾನು ಹಿಡಿದ ವ್ರತ ನನ್ನ ಮಗನಿಗೆ ಸಲ್ಲುತ್ತದೆ. ನಜಾರ್‌ಗೆ ನಿನ್ನದೇ ಆಗಬೇಕು. ಈ ಬೇಸಿಗೆಯಲ್ಲಿ ನೀನು ಸೇಬು ತಿಂದಿದ್ದೀಯೋ ಇಲ್ಲವೋ, ಅದೊಂದು ಸಾಲು ಬರೆ. ಇಲ್ಲ ಎಂದು ಬರೆದರೆ ಧೈರ್ಯವಾಗಿ ಇಡುತ್ತೇನೆ. ಬದುಕಿದ್ದಾಗ ಕೊಡಲಿಲ್ಲ, ಅಲ್ಲಿಯಾದರೂ ಒಂದು ಸಿಗಲಿ.

ಅಮ್ಮ

ನೇಪಲ್ಸ್
11 ಆಗಸ್ಟ್ 2002

ಅಮ್ಮಾ,

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ, ಬರಲಿಲ್ಲ. ಕ್ಷಮಿಸಿಲ್ಲ. ಮುಂದೆ ಯಾವತ್ತಾದರೂ ಆಗುತ್ತದೆಯೋ ಗೊತ್ತಿಲ್ಲ. ಆದರೆ ನೀನು ಒಬ್ಬಳೇ ಹೊರುವುದು ಬೇಡ.

ಜನವರಿಯಲ್ಲಿ ಎಲಿಯೊ ಅಳುತ್ತಿದ್ದ. ಹಲ್ಲು ತುರಿಸುತ್ತಿರಬೇಕು, ಕಡಿಯಲಿ ಎಂದು ನಾನೇ ಅವನ ಕೈಗೆ ಹಸಿ ಸೇಬಿನ ಹೋಳು ಕೊಟ್ಟೆ. ಹೌದು, ನಾನೇ. ನಿನಗೆ ಅಷ್ಟೆಲ್ಲ ಪಾಠ ಹೇಳಿದವಳು. ಅವನು ನೀಲಿಯಾದ. ಸದ್ದೇ ಇಲ್ಲ. ಅವನನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಮಾಡಿ, ಎರಡು ಹೆಗಲಿನ ನಡುವೆ ಅಂಗೈಯಿಂದ ಬಡಿದೆ. ಒಂದು ಸಲ ಡಾಕ್ಟರು ತೋರಿಸಿದ್ದರು. ನಾಲ್ಕನೆಯ ಏಟಿಗೆ ತುಂಡು ಹೊರಬಿತ್ತು, ಅತ್ತ. ಬಾಗಿಲಲ್ಲಿ ಸಿನ್ಯೋರಾ ನಿಂತು ನೋಡುತ್ತಿದ್ದಳು. ಸಂಜೆಯೊಳಗೆ ನನ್ನ ಚೀಲ ಹೊರಗಿತ್ತು. ಅದೇ ವಾರ ನಿನಗೆ ‘ನಿಲ್ಲಿಸು’ ಎಂದು ಬರೆದದ್ದು.

ಡಿಸೆಂಬರಿನಲ್ಲಿ ನಿನ್ನನ್ನು ಅಷ್ಟು ಬೈದವಳಿಗೆ ಇದನ್ನು ಬರೆಯಲು ನಾಚಿಕೆಯಾಯಿತು. ಬರೆದಿದ್ದರೆ, ಸಿಕ್ಕಿಕೊಂಡದ್ದನ್ನು ಹೀಗೆ ತೆಗೆಯಬಹುದು ಎಂದು ನಿನಗೆ ಗೊತ್ತಾಗುತ್ತಿತ್ತು. ನಿನಗೆ ಧೈರ್ಯ ಬರುತ್ತಿತ್ತು. ನೀನು ತುರಿಯುತ್ತಲೇ ಇರುತ್ತಿದ್ದೆ. ಒಂದು ಮಗುವನ್ನು ಉಳಿಸಿದ ಮಾತನ್ನು ನನ್ನ ಮಗುವಿಗೆ ಕೊಡಲಿಲ್ಲ ಅಮ್ಮಾ.

ಮಣ್ಣಿಗೂ ಬರಲಿಲ್ಲ. ಕಾಗದಪತ್ರ ಇಲ್ಲ ಎಂದು ಎಲ್ಲರಿಗೂ ಹೇಳಿದೆ, ನಿನಗೂ ಹೇಳಿದೆ. ಔಷಧಿಗೆ ಹಣ ಬೇಡವಾದ ಮೇಲೆ ಗಡಿ ದಾಟಿದರೆ ಏನಾಗುತ್ತಿತ್ತು? ಬಂದರೆ ಅವನು ಇರುವುದಿಲ್ಲ, ಅಷ್ಟೆ. ಇಲ್ಲಿದ್ದರೆ ಅವನು ನಿನ್ನ ಮನೆಯಲ್ಲಿ ಗಂಜಿ ಕುಡಿಯುತ್ತಿದ್ದಾನೆ ಅಂದುಕೊಳ್ಳಬಹುದು.

ನೀನು ಕೇಳಿದ್ದಕ್ಕೆ ಉತ್ತರ. ತಿಂದಿದ್ದೇನೆ. ನಾನು ಬಾಯಿ ತೆರೆದು ಮೊದಲ ಚಮಚ ತಿಂದು ತೋರಿಸಿದರೆ ಮಾತ್ರ ಎಲಿಯೊ ಬಾಯಿ ತೆರೆಯುತ್ತಾನೆ. ನೀನು ಫೋನಿನಲ್ಲಿ ಹೇಳಿದ ದಿನ ಸಂಜೆಯೂ ಸೇಬು ಬೇಯಿಸಿದೆ, ಮೊದಲ ಚಮಚ ನನ್ನದು. ಮರುದಿನವೂ, ನಿನ್ನೆಯೂ. ಸ್ಪಾಸ್ ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಪ್ರತಿ ಸಲವೂ ನೆನಪಾಯಿತು. ಉಗುಳಬಹುದಿತ್ತು, ಸಿನ್ಯೋರಾ ಎದುರಿಗೇ ಕೂತಿರುತ್ತಿದ್ದಳು. ನಜಾರ್‌ನ ಪಾಲನ್ನು ದಿನಕ್ಕೊಂದು ಚಮಚದಂತೆ ನಾನೇ ಮುಗಿಸಿದೆ.

ಆದ್ದರಿಂದ ನನ್ನ ಹೆಸರಿನಲ್ಲಿ ಇಡಬೇಡ. ಯುರ್ಕೊಗೆ ಇಡುವಾಗ ಒಂದು ಮಾತು ಹೇಳು. ಅವನಿಗೆ ಸಿಕ್ಕುವುದರಲ್ಲಿ ಅರ್ಧವನ್ನು ಪಕ್ಕದಲ್ಲಿರುವ ತಂಗಿಯ ಮಗನಿಗೆ ಕೊಡಲಿ. ಹೋಳು ಮಾಡಿ ಕೊಡುವುದು ಬೇಡ, ತುರಿದು ಕೊಡಲಿ. ನಜಾರ್‌ಗೆ ಇನ್ನೂ ನಾಲ್ಕೇ ಹಲ್ಲು.

ಒರಿಸ್ಯಾ